ಅಳಿಯ ಸೆಕೆಂಡ್ ಹ್ಯಾಂಡ್ ವಿಮಾನ ಕೊಳ್ಳುತ್ತಾನಂತೆ, ಏನೇನು ನೋಡಬೇಕು?

ಸಿರುಗುಪ್ಪ ಲೇತ್

ಎಲ್ಲರಿಗೂ ನಮಸ್ಕಾರ. ಇಲ್ಲಿ ಟ್ರ್ಯಾಕ್ಟರ್, ಹಾರ್ವೆಸ್ಟರ್, ಪಂಪ್‌ಸೆಟ್ ಬಗ್ಗೆ ಕೇಳುವವರೇ ಜಾಸ್ತಿ. ನಾನು ಕೇಳುತ್ತಿರುವುದು ವಿಮಾನದ ಬಗ್ಗೆ. ನಗಬೇಡಿ.

ಅಕ್ಕನ ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಎರಡು ವರ್ಷದ ಹಿಂದೆ ಪೈಲಟ್ ಲೈಸೆನ್ಸ್ ಮಾಡಿಕೊಂಡ. ಈಗ ಸ್ವಂತ ವಿಮಾನ ಬೇಕಂತೆ. ನೋಡಿಟ್ಟಿರುವುದು ಆರ್‌ವಿ-6. ಇಬ್ಬರು ಕೂರುವಂಥದ್ದು. ಕಂಪನಿಯಿಂದ ಬಿಡಿಭಾಗಗಳ ಪೆಟ್ಟಿಗೆ ತರಿಸಿಕೊಂಡು ಒಬ್ಬ ಹಿರಿಯರು ತಮ್ಮ ಗ್ಯಾರೇಜಿನಲ್ಲೇ ಜೋಡಿಸಿದ್ದಾರೆ. 1998ರಲ್ಲಿ ಮೊದಲು ಹಾರಿದೆ. ಇದುವರೆಗೆ 640 ಗಂಟೆ ಓಡಿದೆ. ಆದರೆ ಹೋದ ಆರು ವರ್ಷದಲ್ಲಿ ಓಡಿದ್ದು ಬರೀ 30 ಗಂಟೆ. ಆ ಹಿರಿಯರಿಗೆ ಈಗ ಕಣ್ಣು ಸರಿ ಇಲ್ಲ, ಅದಕ್ಕೇ ಮಾರುತ್ತಿದ್ದಾರೆ. 70 ಸಾವಿರ ಡಾಲರ್ ಹೇಳಿದ್ದಾರೆ.

"ಮಾವ, ನೀವು ಮೂವತ್ತು ವರ್ಷದಿಂದ ಹಳೇ ಮಷಿನ್ ನೋಡಿದವರು, ಸ್ವಲ್ಪ ಹೇಳಿ" ಅಂತ 84 ಫೋಟೋ ಕಳಿಸಿದ್ದಾನೆ. ನಾನು ಲೇತ್ ಇಟ್ಟುಕೊಂಡವನು. ಶಾಫ್ಟ್ ತಿರುವಿ ಕೊಡುತ್ತೇನೆ, ಬುಷ್ ಮಾಡಿ ಕೊಡುತ್ತೇನೆ. ವಿಮಾನದ ಹತ್ತಿರ ಹೋಗಿದ್ದು ಅಂದರೆ ಹಂಪಿ ಉತ್ಸವದ ಹೆಲಿಕಾಪ್ಟರ್‌ಗೆ ಮೊಮ್ಮಗನನ್ನು ಹತ್ತಿಸಲು ಹೋದಾಗ ಅಷ್ಟೇ. ಗೊತ್ತಿರುವವರು ಹೇಳಿ.

ಸುಮ್ನೆ ಓದುಗ

ಮನೆಯಲ್ಲಿ ಜೋಡಿಸಿದ ವಿಮಾನಾನಾ? ನಮ್ಮ ಮನೆಯಲ್ಲಿ ಮಂಚ ಜೋಡಿಸಿದಾಗಲೇ ಎರಡು ಬೋಲ್ಟ್ ಉಳಿದಿದ್ದವು ಅಣ್ಣ.

ಸಿರುಗುಪ್ಪ ಲೇತ್

ನಮ್ಮ ಅಕ್ಕ ಹೇಳಿದ್ದೂ ಹೆಚ್ಚು ಕಮ್ಮಿ ಇದನ್ನೇ.

ತೋರಣಗಲ್ಲು ಫಿಟ್ಟರ್

ನಾನು ಏರ್‌ಫೋರ್ಸ್‌ನಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ. ಈಗ ಇಲ್ಲಿ ಸ್ಟೀಲ್ ಪ್ಲಾಂಟ್‌ನಲ್ಲಿದ್ದೇನೆ. ಆರ್‌ವಿ-6 ಮುಟ್ಟಿಲ್ಲ. ತಗಡು, ರಿವೆಟ್ ಮುಟ್ಟಿದ್ದೇನೆ. ಅಷ್ಟರ ಮೇಲೆ ಹೇಳುತ್ತೇನೆ.

ಮೊದಲು ನಗುವವರಿಗೆ. ಅಮೆರಿಕದಲ್ಲಿ ಇದು ಕದ್ದುಮುಚ್ಚಿ ಮಾಡುವ ಕೆಲಸ ಅಲ್ಲ. ಕೆಲಸದ ಅರ್ಧಕ್ಕಿಂತ ಜಾಸ್ತಿಯನ್ನು ಹವ್ಯಾಸಿಯೇ, ಕಲಿಯುವುದಕ್ಕೋ ಖುಷಿಗೋ ಮಾಡಿದ್ದರೆ ಸರ್ಕಾರ ಅದಕ್ಕೆ 'ಎಕ್ಸ್‌ಪೆರಿಮೆಂಟಲ್' ಅಂತ ಸರ್ಟಿಫಿಕೇಟ್ ಕೊಡುತ್ತದೆ. 51 ಪರ್ಸೆಂಟ್ ರೂಲ್ ಅಂತಾರೆ. ಬಾಗಿಲ ಹತ್ತಿರ ಆ ಪದವನ್ನು ಎರಡು ಇಂಚು ಎತ್ತರದ ಅಕ್ಷರದಲ್ಲಿ ಬರೆದಿರಬೇಕು. ಸಾಮಾನ್ಯವಾಗಿ ಮೊದಲ 40 ಗಂಟೆ ಪ್ರಯಾಣಿಕರನ್ನು ಕೂರಿಸದೆ ಪರೀಕ್ಷೆಗೆ ಅಂತ ಹಾರಿಸಬೇಕು. ಎಂಜಿನ್, ಪ್ರೊಪೆಲ್ಲರ್ ಎರಡೂ ಮೊದಲೇ ಪಾಸಾದ ಜೋಡಿ ಆದರೆ 25 ಗಂಟೆ ಸಾಕು. ಒರೆಗಾನ್‌ನ ವ್ಯಾನ್ಸ್ ಕಂಪನಿಯ ಈ ಆರ್‌ವಿ ಸಾಲಿನ ವಿಮಾನಗಳು ಹತ್ತು ಸಾವಿರಕ್ಕೂ ಜಾಸ್ತಿ ಹಾರಿವೆ. ಎರಡು ಬೋಲ್ಟ್ ಉಳಿಸಿಕೊಂಡು ಅಷ್ಟು ಹಾರುವುದಿಲ್ಲ.

ಈಗ ನಿಮ್ಮ ಪ್ರಶ್ನೆ. ಆರ್‌ವಿ-6 ಹಳೇ ಕಾಲದ ಕಿಟ್. ಆಮೇಲೆ ಬಂದ ಆರ್‌ವಿ-7, 9ರಲ್ಲಿ ತಗಡಿಗೆ ರಂಧ್ರ ಮೊದಲೇ ಹೊಡೆದು ಬರುತ್ತದೆ. ರಂಧ್ರಕ್ಕೆ ರಂಧ್ರ ಕೂಡಿಸಿದರೆ ರೆಕ್ಕೆ ತಾನಾಗಿಯೇ ನೇರ ಬರುತ್ತದೆ. 6ರಲ್ಲಿ ಹಾಗಿಲ್ಲ. ತಗಡು ನೇರ ಹಿಡಿಯುವ ಜಿಗ್ ಕಟ್ಟಿ, ಗುರುತು ಹಾಕಿ, ತಾವೇ ಡ್ರಿಲ್ ಹೊಡೆಯಬೇಕಿತ್ತು. ಒಂದೇ ಡ್ರಾಯಿಂಗ್‌ನಿಂದ ಮಾಡಿದ ಎರಡು ಆರ್‌ವಿ-6 ಒಂದೇ ಥರ ಇರಲ್ಲ. ನಿಮಗೆ ಅರ್ಥ ಆಗುತ್ತದೆ. ಒಂದೇ ಲೇತ್ ಮೇಲೆ ನೀವು ತಿರುವಿದ ಶಾಫ್ಟೇ ಬೇರೆ, ನಿಮ್ಮ ಹುಡುಗ ತಿರುವಿದ ಶಾಫ್ಟೇ ಬೇರೆ ಅಲ್ವಾ?

ಹಾಗಾಗಿ ಅಳಿಯನಿಗೆ ಹೇಳಿ, ಪೇಂಟ್ ನೋಡಬೇಡ ಅಂತ. ಟಾರ್ಚ್ ಹಿಡಿದು ಒಳಗೆ ಬಗ್ಗಬೇಕು. ಸೀಟಿನ ಹಿಂದೆ, ಬಾಲದ ಕಡೆ, ನೆಲದ ತಗಡಿನ ಕೆಳಗೆ. ಹೊರಗಿನ ರಿವೆಟ್ ಎಲ್ಲರಿಗೂ ಕಾಣುತ್ತದೆ ಅಂತ ಎಲ್ಲರೂ ಚೆನ್ನಾಗಿ ಹೊಡೆದಿರುತ್ತಾರೆ. ಒಳಗೆ ಬಡಿದು ಚಪ್ಪಟೆ ಮಾಡಿದ ತುದಿ ನೋಡಬೇಕು. ಅದು ದುಂಡಗೆ, ನೇರವಾಗಿ ಕೂತಿರಬೇಕು. ಒಂದು ಕಡೆ ವಾಲಿದ್ದರೆ, ಸುತ್ತ ಸುತ್ತಿಗೆ ಗಾಯ ಇದ್ದರೆ ಕೈ ಗಟ್ಟಿ ಇರಲಿಲ್ಲ ಅಂತ ಅರ್ಥ. ಇನ್ನೊಂದು, ರಿವೆಟ್ ತಲೆಯಿಂದ ಗಾಳಿ ಹೋಗುವ ದಿಕ್ಕಿಗೆ ಕಪ್ಪು ಗೆರೆ ಎಳೆದಿದೆಯಾ ನೋಡಲಿ. ಆ ರಿವೆಟ್ ಸಡಿಲ ಆಗಿ ಒಳಗೆ ಸವೆಯುತ್ತಿದೆ ಅಂತ. ಹೊಗೆ ಬಿಡುವ ರಿವೆಟ್ ಅಂತ ಕರೆಯುತ್ತಿದ್ದೆವು.

ಬಾಲದ ಅಡ್ಡ ರೆಕ್ಕೆಯ ಮುಂದಿನ ಸ್ಪಾರ್‌ನಲ್ಲಿ (ಒಳಗಿನ ಉದ್ದ ತೊಲೆ) ಬಿರುಕು ಇದೆಯಾ ನೋಡಿ ಅಂತ ಕಂಪನಿಯೇ 2014ರಲ್ಲಿ ಸೂಚನೆ ಕೊಟ್ಟಿದೆ. ಅದನ್ನು ಮಾಡಿಸಿದ್ದಾರಾ, ಲಾಗ್‌ನಲ್ಲಿ ಬರೆದಿದ್ದಾರಾ ಕೇಳಲಿ.

ಸಿರುಗುಪ್ಪ ಲೇತ್

ಸರ್, ತುಂಬಾ ಉಪಕಾರ. ಫೋಟೋ 31 ನೋಡಿ. ಎಡ ರೆಕ್ಕೆ ಬುಡದ ಕೆಳಗೆ ತಿಳಿ ನೀಲಿ ಕಲೆ ಇದೆ. ಪೇಂಟ್ ಇರಬೇಕು ಅಂತ ಅವನು ಅಂದ.

ತೋರಣಗಲ್ಲು ಫಿಟ್ಟರ್

ಪೇಂಟ್ ಅಲ್ಲ. ಅಲ್ಲಿ ವಿಮಾನಕ್ಕೆ ಹಾಕುವ 100 ಎಲ್‌ಎಲ್ ಪೆಟ್ರೋಲ್ ನೀಲಿ ಬಣ್ಣದ್ದು. ಸೋರಿ ಆರಿದ ಮೇಲೆ ಆ ಬಣ್ಣ ಉಳಿಯುತ್ತದೆ. ಆರ್‌ವಿಯಲ್ಲಿ ರೆಕ್ಕೆಯ ಮುಂದಿನ ಅಂಚೇ ಟ್ಯಾಂಕ್. ತಗಡಿನ ಕೂಡುಗಳಿಗೆಲ್ಲ ಸೀಲಂಟ್ ಮೆತ್ತಿ ರಿವೆಟ್ ಹೊಡೆಯಬೇಕು. ಕಿಟ್ ಕಟ್ಟುವವರು ಬೈದುಕೊಂಡು ಮಾಡುವ ಕೆಲಸ ಇದು. ಕೈಗೆ, ಕೂದಲಿಗೆ, ಹೆಂಡತಿಯ ಟವೆಲ್‌ಗೆ ಎಲ್ಲ ಅಂಟುತ್ತದೆ. ಸಣ್ಣ ಸೋರಿಕೆ ಆದರೆ ಸರಿ ಮಾಡಬಹುದು. ಆದರೆ ಟ್ಯಾಂಕ್ ಬಿಚ್ಚುವ ಕೆಲಸ, ರೇಟಿನಲ್ಲಿ ಕಳೆಯಬೇಕು.

ಗಂಗಾವತಿ ಭತ್ತ

ನನಗೆ ಒಂದು ಅರ್ಥ ಆಗಲಿಲ್ಲ. ಆರು ವರ್ಷದಲ್ಲಿ 30 ಗಂಟೆ ಅಂದರೆ ಎಂಜಿನ್ ಹೊಸದರ ಥರ ಇರಬೇಕಲ್ವಾ? ಕಮ್ಮಿ ಓಡಿದ್ದಕ್ಕೆ ಜಾಸ್ತಿ ಕೊಟ್ಟರೂ ತಪ್ಪಿಲ್ಲ.

ತೋರಣಗಲ್ಲು ಫಿಟ್ಟರ್

ಇದೇ ಎಲ್ಲಕ್ಕಿಂತ ದೊಡ್ಡ ಅನುಮಾನ. ಮೊದಲು ಅಣ್ಣ ಎಂಜಿನ್ ಯಾವುದು ಹೇಳಲಿ.

ಸಿರುಗುಪ್ಪ ಲೇತ್

ಲೈಕಮಿಂಗ್ ಓ-320. 160 ಎಚ್‌ಪಿ. ನಾಲ್ಕು ಸಿಲಿಂಡರ್. 1998ರಿಂದ ಬಿಚ್ಚಿಲ್ಲ.

ತೋರಣಗಲ್ಲು ಫಿಟ್ಟರ್

ಹಾಗಾದರೆ ಕೇಳಿ. ಲೈಕಮಿಂಗ್‌ನಲ್ಲಿ ಸಿಲಿಂಡರ್ ಎರಡೂ ಪಕ್ಕಕ್ಕೆ ಮಲಗಿರುತ್ತವೆ. ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಕ್ರ್ಯಾಂಕಿನ ಮೇಲೆ, ಕೇಸಿನ ತಲೆಯಲ್ಲಿ. ಅದಕ್ಕೆ ಎಣ್ಣೆ ಸಿಗುವುದು ಕೆಳಗಿನಿಂದ ಚಿಮ್ಮಿ. ಎಂಜಿನ್ ನಿಂತರೆ ಎಣ್ಣೆ ಇಳಿದು ಕೆಳಗೆ ಹೋಗುತ್ತದೆ. ವಾರ, ತಿಂಗಳು ನಿಂತರೆ ಕ್ಯಾಮ್ ಒಣಗುತ್ತದೆ. ಗಾಳಿಯ ತೇವ ಕೂತು ತುಕ್ಕಿನ ಚುಕ್ಕೆ ಏಳುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದಾಗ ಕ್ಯಾಮ್‌ಗೆ ಒತ್ತಿ ಕೂತ ಟ್ಯಾಪೆಟ್ ಆ ಚುಕ್ಕೆಯನ್ನು ಉಜ್ಜಿ ಉಜ್ಜಿ ಗುಂಡಿ ಮಾಡುತ್ತದೆ. ಲೋಹದ ಪುಡಿ ಎಣ್ಣೆಗೆ ಸೇರುತ್ತದೆ.

ಕಂಪನಿ ಹೇಳುವುದು 2000 ಗಂಟೆ ಇಲ್ಲವೇ 12 ವರ್ಷ, ಯಾವುದು ಮೊದಲೋ ಅದಕ್ಕೆ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿ ಅಂತ. ಸ್ವಂತಕ್ಕೆ ಹಾರಿಸುವವರಿಗೆ ಇದು ಕಡ್ಡಾಯ ಅಲ್ಲ. ಆದರೆ 12 ವರ್ಷ ಅಂತ ಸುಮ್ನೆ ಬರೆದಿಲ್ಲ. ವರ್ಷಕ್ಕೆ 100 ಗಂಟೆ ಓಡಿದ 1500 ಗಂಟೆಯ ಎಂಜಿನ್ ಒಂದು ಕಡೆ, ನಿಂತೇ ಇದ್ದ 640 ಗಂಟೆಯದು ಇನ್ನೊಂದು ಕಡೆ ಇಟ್ಟರೆ ನಾನು ಮೊದಲನೆಯದಕ್ಕೇ ಕೈ ಹಾಕುತ್ತೇನೆ.

ಗಂಗಾವತಿ ಭತ್ತ

ಮಾತು ವಾಪಸ್ ತಗೊಂಡೆ. ನಾನೇ ಸುಟ್ಟುಕೊಂಡವನು, ಮರೆತುಬಿಟ್ಟಿದ್ದೆ. ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಒಬ್ಬರ ಹಾರ್ವೆಸ್ಟರ್ ಕೊಂಡೆ. ಮೀಟರ್ ಕಮ್ಮಿ ಇತ್ತು. ಶೆಡ್‌ನಲ್ಲೇ ಇತ್ತು, ಮಳೆ ಬಿದ್ದಿಲ್ಲ, ಹೊಸದೇ ಅಂದ್ಕೊಳ್ಳಿ ಅಂದರು. ಹೊಲಕ್ಕೆ ಇಳಿಸಿದ ಮೂರನೇ ದಿನಕ್ಕೆ ಹೈಡ್ರಾಲಿಕ್ ಸೀಲ್ ಎಲ್ಲಾ ಹೋದವು. ಬೆಲ್ಟ್ ಒಣಗಿ ಬಿರುಕು ಬಿಟ್ಟಿತ್ತು, ಇಲಿ ವೈರ್ ಕಡಿದಿತ್ತು. ಕೂಲಿಯವರನ್ನು ಕರೆಸಿ ಕುಡುಗೋಲಿನಲ್ಲಿ ಕೊಯ್ಯಿಸಿದೆ. ಹಾರ್ವೆಸ್ಟರ್ ಆದ್ದರಿಂದ ಗದ್ದೆಯಲ್ಲಿ ನಿಂತಿತು. ಅದು ಎಲ್ಲಿ ನಿಲ್ಲುತ್ತದೆ?

ಡಲ್ಲಾಸ್ ರಾಯಚೂರಿಗ

ನಾನು ಯರಮರಸ್ ಹತ್ತಿರದವನು, ಈಗ ಹತ್ತು ವರ್ಷದಿಂದ ಇಲ್ಲೇ ಟೆಕ್ಸಾಸ್‌ನಲ್ಲಿ. ನಾನೂ ಹಾರಿಸುತ್ತೇನೆ, ಸ್ವಂತದ್ದಿಲ್ಲ, ನಾಲ್ವರು ಸೇರಿ ಇಟ್ಟುಕೊಂಡಿದ್ದೇವೆ. ಅಣ್ಣ, ನಿಮ್ಮ ಅಳಿಯನಿಗೆ ಗ್ರೀನ್ ಕಾರ್ಡ್ ಇದೆಯಾ? ವಿಮಾನದ ಮಾತಿಗಿಂತ ಮೊದಲು ಇದು. ಇಲ್ಲಿ ವಿಮಾನ ನಮ್ಮ ಹೆಸರಿಗೆ ರಿಜಿಸ್ಟರ್ ಆಗಬೇಕಾದರೆ ಸಿಟಿಜನ್ ಆಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರಬೇಕು. ಎಚ್-1 ವೀಸಾದಲ್ಲಿ ಕಾರು ಕೊಳ್ಳಬಹುದು, ಮನೆ ಕೊಳ್ಳಬಹುದು, ವಿಮಾನ ನೇರವಾಗಿ ಆಗಲ್ಲ. ಟ್ರಸ್ಟ್ ಮಾಡಿಸಿ ಸುತ್ತು ಹಾಕಬೇಕು.

ಎರಡನೆಯದು ದಾಖಲೆ. ನಮ್ಮಲ್ಲಿ ಲಾರಿ ಕೊಳ್ಳುವಾಗ ಆರ್‌ಸಿಯಲ್ಲಿ ಫೈನಾನ್ಸ್‌ನವರ ಸಾಲದ ನಮೂದು (ಎಚ್‌ಪಿ) ಕ್ಯಾನ್ಸಲ್ ಆಗಿದೆಯಾ ನೋಡುತ್ತೇವಲ್ಲ, ಹಾಗೇ. ರಿಜಿಸ್ಟ್ರಿ ಇರುವುದು ಓಕ್ಲಹೋಮಾ ಸಿಟಿಯಲ್ಲಿ. ಸ್ವಲ್ಪ ದುಡ್ಡು ಕೊಟ್ಟರೆ ಟೈಟಲ್ ಹುಡುಕಿ ಕೊಡುವವರು ಇದ್ದಾರೆ. ಹಳೇ ಸಾಲ ಇದ್ದರೆ ವಿಮಾನದ ಜೊತೆಗೇ ಬರುತ್ತದೆ.

ಮೂರನೆಯದನ್ನು ಹೊಸಬರು ಮರೆಯುತ್ತಾರೆ. ಈ ವಿಮಾನ ಕಟ್ಟಿದವರಿಗೆ ರಿಪೇರ್‌ಮನ್ ಸರ್ಟಿಫಿಕೇಟ್ ಸಿಗುತ್ತದೆ. ವರ್ಷಕ್ಕೊಮ್ಮೆ ಆಗಬೇಕಾದ ತಪಾಸಣೆಯನ್ನು ತಾವೇ ಮಾಡಿ ಸಹಿ ಹಾಕಬಹುದು. ಆ ಸರ್ಟಿಫಿಕೇಟ್ ವಿಮಾನದ ಜೊತೆ ಬರಲ್ಲ, ಕಟ್ಟಿದವರ ಹತ್ತಿರವೇ ಉಳಿಯುತ್ತದೆ. ಅಳಿಯ ಸ್ಪ್ಯಾನರ್ ಹಿಡಿದು ಎಷ್ಟು ಬೇಕಾದರೂ ಕೆಲಸ ಮಾಡಿಕೊಳ್ಳಲಿ, ಆದರೆ ವರ್ಷದ ಸಹಿಗೆ ಅದಕ್ಕೆ ಲೈಸೆನ್ಸ್ ಇರುವವರು ಬೇಕು, ಹೆಚ್ಚಾಗಿ ಮೆಕ್ಯಾನಿಕ್. ಮನೆಯಲ್ಲಿ ಕಟ್ಟಿದ್ದು ಅಂದರೆ ಮುಟ್ಟಲ್ಲ ಅನ್ನುವ ಮೆಕ್ಯಾನಿಕ್‌ಗಳು ಇದ್ದಾರೆ. ಮೊದಲೇ ಒಬ್ಬರನ್ನು ಗೊತ್ತು ಮಾಡಿಕೊಳ್ಳಲಿ.

ಆಮೇಲೆ ಕೇಳಿ, ಅದು 6ಆ, 6ಎನಾ?

ಸಿರುಗುಪ್ಪ ಲೇತ್

ಗ್ರೀನ್ ಕಾರ್ಡ್ ಹೋದ ವರ್ಷ ಬಂತು. ಅದು ಬಂದ ಮೇಲೇ ಈ ಹುಚ್ಚು ಹತ್ತಿದ್ದು. 6ಎ ಅಲ್ಲ, ಬರೀ 6. ಏನು ವ್ಯತ್ಯಾಸ?

ಡಲ್ಲಾಸ್ ರಾಯಚೂರಿಗ

6ಎಗೆ ಮೂಗಿನ ಕೆಳಗೆ ಚಕ್ರ. 6ಕ್ಕೆ ಬಾಲದಲ್ಲಿ ಚಕ್ರ. ಅಳಿಯ ಮೂಗಿನ ಚಕ್ರದ ಸೆಸ್ನಾ 172ರಲ್ಲಿ ಕಲಿತಿದ್ದರೆ ಬಾಲದ ಚಕ್ರದ ವಿಮಾನ ಅವನಿಗೆ ಹೊಸದು. ಇಳಿಯುವಾಗ ಸ್ವಲ್ಪ ಅಡ್ಡ ಆದರೂ ಹಿಂಭಾಗ ಮುಂದಕ್ಕೆ ಬಂದು ಗಿರಕಿ ಹೊಡೆಯುತ್ತದೆ. ತಳ್ಳುಗಾಡಿ ಮುಂದಕ್ಕೆ ತಳ್ಳುವುದಕ್ಕೂ ಹಿಂದಕ್ಕೆ ತಳ್ಳುವುದಕ್ಕೂ ಇರುವ ವ್ಯತ್ಯಾಸ ನೆನಪಿಸಿಕೊಳ್ಳಿ. ಅದಕ್ಕೆ ಬೇರೆ ಟ್ರೈನಿಂಗ್ ಇದೆ, ಇನ್‌ಸ್ಟ್ರಕ್ಟರ್ ಲಾಗ್‌ಬುಕ್‌ನಲ್ಲಿ ಸಹಿ ಹಾಕಬೇಕು. ಇನ್ಶೂರೆನ್ಸ್‌ನವರೂ ಇದನ್ನೇ ಮೊದಲು ಕೇಳುತ್ತಾರೆ. ಕೊಂಡ ದಿನವೇ ಹಾರಿಸಿಕೊಂಡು ಮನೆಗೆ ಬರುತ್ತೇನೆ ಅಂತ ಅವನು ಅಂದಿದ್ದರೆ ದಯವಿಟ್ಟು ತಡೆಯಿರಿ.

ಸಿರುಗುಪ್ಪ ಲೇತ್

ಅಂದಿದ್ದಾನೆ.

ಡಲ್ಲಾಸ್ ರಾಯಚೂರಿಗ

ಹಾಗಾದರೆ ಉದ್ದಕ್ಕೆ ಬರೆಯುತ್ತೇನೆ, ಅವನಿಗೂ ಕಳಿಸಿ.

ಜಾನ್ ಡೆನ್ವರ್ ಅಂತ ದೊಡ್ಡ ಹಾಡುಗಾರ ಇದ್ದರು. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಅವರ ವಿಮಾನ ನೀರಿಗೆ ಬಿತ್ತು, ತೀರಿಕೊಂಡರು. ಅದು ಬರ್ಟ್ ರುಟಾನ್ ಡಿಸೈನ್ ಮಾಡಿದ ಲಾಂಗ್-ಈಜೀ. ಬೇರೆಯವರು ಮನೆಯಲ್ಲಿ ಕಟ್ಟಿದ್ದು, ಡೆನ್ವರ್ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಕೊಂಡು ಹೆಚ್ಚು ದಿನ ಆಗಿರಲಿಲ್ಲ. ಅವರು ಹೊಸಬರಲ್ಲ, 2,700 ಗಂಟೆಗೂ ಜಾಸ್ತಿ ಹಾರಿಸಿದ ಪೈಲಟ್.

ಏನಾಯಿತು ಅಂದರೆ, ಈ ವಿಮಾನಕ್ಕೆ ಎರಡು ಟ್ಯಾಂಕ್. ಒಂದರಿಂದ ಇನ್ನೊಂದಕ್ಕೆ ಬದಲಿಸುವ ವಾಲ್ವ್ ಡ್ರಾಯಿಂಗ್ ಪ್ರಕಾರ ಪೈಲಟ್‌ನ ಕಾಲುಗಳ ನಡುವೆ ಇರಬೇಕು. ಪೆಟ್ರೋಲ್ ಪೈಪು ಕೂರುವ ಜಾಗಕ್ಕೆ ಬರಬಾರದು ಅಂತ ಕಟ್ಟಿದವರು ಅದನ್ನು ಎಡ ಭುಜದ ಹಿಂದೆ ಇಟ್ಟಿದ್ದರು. ಅವರ ಲೆಕ್ಕಕ್ಕೆ ಅದು ಸರಿ ಇತ್ತು. ಆದರೆ ಆ ಹಿಡಿ ತಿರುಗಿಸಲು ಬಿಗಿ. ಸೀಟಿನಲ್ಲಿ ಮೈ ತಿರುಗಿಸಿ ಕೈ ಹಿಂದೆ ಚಾಚಬೇಕು. ಹಾಗೆ ತಿರುಗುವಾಗ ಕಾಲು ಬಲ ಪೆಡಲ್ ಒತ್ತುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇತ್ತು, ಬದಲಿಸಲು ತಿರುಗಿದಾಗ ವಿಮಾನ ಕೈ ತಪ್ಪಿತು ಅಂತ ತನಿಖೆ ಮಾಡಿದ ಎನ್‌ಟಿಎಸ್‌ಬಿ (ಇಲ್ಲಿನ ಸರ್ಕಾರದ ಅಪಘಾತ ತನಿಖಾ ಸಂಸ್ಥೆ) ಹೇಳಿತು.

ಅದೇ ಸಂಸ್ಥೆ 2012ರಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಗಳ ಮೇಲೆಯೇ ಒಂದು ವರದಿ ಮಾಡಿತು. ಅವರು ನೋಡಿದ ಅಪಘಾತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸೆಕೆಂಡ್ ಹ್ಯಾಂಡ್ ಕೊಂಡ ವಿಮಾನಗಳದ್ದು. ಕೆಲವು ಹೊಸ ಮಾಲೀಕನ ಮೊಟ್ಟಮೊದಲ ಹಾರಾಟದಲ್ಲೇ ಆಗಿದ್ದವು. ಕಟ್ಟಿದವರಿಗೆ ಪ್ರತಿ ಸ್ವಿಚ್ಚು ಎಲ್ಲಿದೆ, ಯಾಕಿದೆ ಗೊತ್ತು. ಕೊಂಡವನಿಗೆ ಗೊತ್ತಿಲ್ಲ, ಪುಸ್ತಕವೂ ಇಲ್ಲ.

ಅಳಿಯ ಆ ಹಿರಿಯರ ಜೊತೆ ಎಂಜಿನ್ ಆಫ್ ಮಾಡಿಯೇ ಎರಡು ದಿನ ಆ ಸೀಟಿನಲ್ಲಿ ಕೂರಲಿ. ಕಣ್ಣು ಮುಚ್ಚಿ ಪೆಟ್ರೋಲ್ ವಾಲ್ವ್ ಮುಟ್ಟಲಿ. ಆಮೇಲೆ ಆರ್‌ವಿ ಗೊತ್ತಿರುವ ಇನ್‌ಸ್ಟ್ರಕ್ಟರ್ ಜೊತೆ ಹಾರಲಿ.

ಕೊಪ್ಪಳ ಹುಡುಗ

ಅಣ್ಣಂದಿರೇ, ನಡುವೆ ಬಂದೆ, ಕ್ಷಮಿಸಿ. ಇಂಥದ್ದೊಂದನ್ನು ನಮ್ಮ ಕಡೆ ತಂದು ಹಾರಿಸಲು ಆಗಲ್ವಾ? ಗಿಣಿಗೇರಿಯಲ್ಲಿ ರನ್‌ವೇ ಇದೆ, ನಮ್ಮ ಮನೆಯಿಂದ ಬೈಕಿನಲ್ಲಿ ಇಪ್ಪತ್ತು ನಿಮಿಷ.

ತೋರಣಗಲ್ಲು ಫಿಟ್ಟರ್

ತಮ್ಮಾ, ಗಿಣಿಗೇರಿಯದು ಖಾಸಗಿಯವರದ್ದು, ನಮ್ಮ ತೋರಣಗಲ್ಲಿನದೂ ಪ್ಲಾಂಟಿನವರದ್ದು. ಗೇಟು ದಾಟುವುದೇ ಮೊದಲ ಹಾರಾಟ. ನಮ್ಮ ದೇಶದಲ್ಲಿ ವಿಮಾನಗಳಿಗೆ ಅನುಮತಿ ಕೊಡುವ ಡಿಜಿಸಿಎ ನಿಯಮದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಜಾಗ ಇದೆ. ಮುಂಬೈನ ಪೈಲಟ್ ಅಮೋಲ್ ಯಾದವ್ ಮನೆ ತಾರಸಿ ಮೇಲೆ ಆರು ಸೀಟಿನದ್ದನ್ನು ಕಟ್ಟಿದರು. ಅದು ರಿಜಿಸ್ಟರ್ ಆಗಿದ್ದು 2017ರಲ್ಲಿ, ಹಾರಲು ಪರ್ಮಿಟ್ ಬಂದಿದ್ದು 2019ರಲ್ಲಿ. ಕಟ್ಟಲು ಹಿಡಿದ ವರ್ಷ ಬೇರೆ, ಕಚೇರಿ ಸುತ್ತಿದ ವರ್ಷ ಬೇರೆ. ತಮಾಷೆ ಅಂದರೆ ನಮ್ಮ ಬೆಂಗಳೂರಿನ ರಾಜ್‌ಹಂಸ ಕಂಪನಿಯ ಎಕ್ಸ್-ಏರ್ ಕಿಟ್ ಇಂಗ್ಲೆಂಡ್, ಫ್ರಾನ್ಸ್‌ನಲ್ಲಿ ಎಷ್ಟೋ ಜನ ಗ್ಯಾರೇಜಿನಲ್ಲಿ ಜೋಡಿಸಿಕೊಂಡು ಹಾರಿಸಿದ್ದಾರೆ.

ಇನ್ನು ನಮ್ಮ ಬಿಸಿಲು. ಬಳ್ಳಾರಿ ಸಮುದ್ರಕ್ಕಿಂತ ಸುಮಾರು 1500 ಅಡಿ ಎತ್ತರ. ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿ ಎಷ್ಟು ತೆಳು ಆಗುತ್ತದೆ ಅಂದರೆ ರೆಕ್ಕೆಗೂ ಎಂಜಿನ್‌ಗೂ 5000 ಅಡಿ ಮೇಲಿದ್ದ ಹಾಗೆ. ಓಟ ಉದ್ದ ಬೇಕು, ಏರುವುದು ನಿಧಾನ. ಬೆಳಿಗ್ಗೆ ಆರರಿಂದ ಎಂಟು ಅಷ್ಟೇ. ಆಸೆ ಇದ್ದರೆ ಮೊದಲು ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ಗೆ ಹೋಗಿ ಒಂದು ಗಂಟೆ ಕೂತು ಬಾ.

ಸಿರುಗುಪ್ಪ ಲೇತ್

ಮೂರು ವಾರ ಆಯಿತು, ಏನಾಯಿತು ಅಂತ ಕೇಳಿದವರಿಗೆ.

ಅಳಿಯ ಮೆಕ್ಯಾನಿಕ್ ಕರೆದುಕೊಂಡು ಹೋಗಿದ್ದ. ಆ ಮೆಕ್ಯಾನಿಕ್ ಸ್ವತಃ ಆರ್‌ವಿ ಕಟ್ಟಿದವನು. ನಾನು ವಿಡಿಯೋ ಕಾಲ್‌ನಲ್ಲಿ ರಾತ್ರಿ ಹನ್ನೊಂದರಿಂದ ಎರಡೂವರೆ ತನಕ ಕೂತಿದ್ದೆ. ಮನೆಯವಳು ಎದ್ದು ಬಂದು ನೋಡಿ ಹೋದಳು.

ಫಿಟ್ಟರ್ ಸರ್ ಹೇಳಿದ ಹಾಗೆ ಬಾಲದೊಳಗೆ ಟಾರ್ಚ್ ಬಿಟ್ಟರು. ರಿವೆಟ್ ಸಾಲು ನೂಲು ಹಿಡಿದ ಹಾಗಿತ್ತು. ಸ್ಪಾರ್‌ನಲ್ಲಿ ಬಿರುಕಿಲ್ಲ, 2014ರ ಸೂಚನೆ ಪ್ರಕಾರ ನೋಡಿದ್ದು ಬರೆದಿದ್ದಾರೆ. ಪೆಟ್ರೋಲ್ ವಾಲ್ವ್ ಎರಡು ಸೀಟುಗಳ ನಡುವೆಯೇ, ಡ್ರಾಯಿಂಗ್‌ನಲ್ಲಿ ಇರುವಲ್ಲೇ. ವೈರಿಂಗ್ ಮಾತ್ರ ಮದುವೆ ಮನೆ ಸೀರಿಯಲ್ ಸೆಟ್ ಥರ. ನಂತರ ಸೇರಿಸಿದ ರೇಡಿಯೋ, ಜಿಪಿಎಸ್ ವೈರೆಲ್ಲ ಗಂಟು ಗಂಟು.

ಕಂಪ್ರೆಶನ್ ನೋಡಿದರು. ಸಿಲಿಂಡರ್‌ಗೆ 80ರ ಒತ್ತಡದಲ್ಲಿ ಗಾಳಿ ಕೊಟ್ಟರೆ ಎಷ್ಟು ಹಿಡಿಯುತ್ತದೆ ಅನ್ನುವ ಲೆಕ್ಕ. 76, 75, 77, ಒಂದು 70. ಅಳಿಯ ಫೋನಿನಲ್ಲೇ ಕುಣಿದ. ಮೆಕ್ಯಾನಿಕ್ ಕುಣಿಯಲಿಲ್ಲ. ಎಣ್ಣೆ ಫಿಲ್ಟರ್ ಬಿಚ್ಚಿ, ಡಬ್ಬ ಕತ್ತರಿಸಿ, ಒಳಗಿನ ಕಾಗದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿದ. ಮಿಣಮಿಣ ಅಂತ ಹೊಳೆಯಿತು. ಮ್ಯಾಗ್ನೆಟ್ ಇಟ್ಟರೆ ಅಂಟಿತು. ನನಗೆ ಸಿರುಗುಪ್ಪದಲ್ಲೇ ಎದೆ ಹೊಡೆದುಕೊಂಡಿತು. ಆ ಹೊಳಪು ನನಗೆ ಗೊತ್ತು.

ಆ ಹಿರಿಯರು ಒಂದು ಮಾತೂ ವಾದ ಮಾಡಲಿಲ್ಲ. ಒಳಗೆ ಹೋಗಿ ಮೂರು ದಪ್ಪ ಪುಸ್ತಕ ತಂದು ಇಟ್ಟರು. ವಿಮಾನ ಕಟ್ಟುವಾಗ ದಿನಾ ಬರೆದದ್ದು, ಏಳು ವರ್ಷದ್ದು. ಅಳಿಯ ಕೆಲವು ಪುಟದ ಫೋಟೋ ಕಳಿಸಿದ. ಒಂದು ಪುಟದಲ್ಲಿ ಬಲ ರೆಕ್ಕೆಯ ಒಳಗೆ ಎಲುಬಿನ ಥರ ಇರುವ ಒಂದು ಪಕ್ಕೆಗೆ ರಂಧ್ರ ಅಂಚಿಗೆ ಹತ್ತಿರ ಬಿತ್ತು, ಮೂರು ವಾರದ ಕೆಲಸ ಬಿಚ್ಚಿದೆ, ಹೊಸ ಪಕ್ಕೆ ತರಿಸಿದೆ ಅಂತ ಬರೆದಿದ್ದಾರೆ. ಪಕ್ಕದಲ್ಲಿ ಹಾಳಾದ ಪಕ್ಕೆಯ ಫೋಟೋ ಅಂಟಿಸಿದ್ದಾರೆ. ಯಾರೂ ಕೇಳಿರಲಿಲ್ಲ, ಯಾರಿಗೂ ಕಾಣುತ್ತಲೂ ಇರಲಿಲ್ಲ. ನಾನು ಆ ಪುಟ ಬಹಳ ಹೊತ್ತು ನೋಡಿದೆ. ನಾನು ಹಾಳು ಮಾಡಿದ ಶಾಫ್ಟ್‌ಗಳನ್ನು ಗುಜರಿಯವನಿಗೆ ರಾತ್ರೋರಾತ್ರಿ ಹಾಕಿದ್ದೇನೆ.

ಸದ್ಯಕ್ಕೆ ಕೊಂಡಿಲ್ಲ. ಒಂದು ಸಿಲಿಂಡರ್ ಬಿಚ್ಚಿ ಕ್ಯಾಮ್ ನೋಡುವುದು ಅಂತ ಆಗಿದೆ, ಖರ್ಚು ಇಬ್ಬರದ್ದೂ ಅರ್ಧರ್ಧ. ಕ್ಯಾಮ್ ಹೋಗಿದ್ದರೆ ಓವರ್‌ಹಾಲ್ ದುಡ್ಡು ಕಳೆದು ರೇಟು ಮಾತಾಡುವುದು. ಅಳಿಯ ಶನಿವಾರ ಶನಿವಾರ ಅಲ್ಲಿಗೇ ಹೋಗುತ್ತಿದ್ದಾನೆ. ವೈರಿಂಗ್ ಬಿಚ್ಚಿ ಒಂದೊಂದಕ್ಕೂ ಚೀಟಿ ಕಟ್ಟುತ್ತಿದ್ದಾರೆ ಇಬ್ಬರೂ. ಬಾಲದ ಚಕ್ರದ ಟ್ರೈನಿಂಗ್‌ಗೂ ಸೇರಿದ್ದಾನೆ, ನಾಲ್ಕು ಗಂಟೆ ಆಯಿತಂತೆ, ಇನ್ನೂ ನೆಟ್ಟಗೆ ಇಳಿಸಲು ಬರುತ್ತಿಲ್ಲವಂತೆ.

ಅಕ್ಕನಿಗೆ ಇಷ್ಟೆಲ್ಲ ಹೇಳಿಲ್ಲ. ರಿಪೇರಿಯಲ್ಲಿದೆ ಅಂತ ಹೇಳಿದ್ದೇನೆ.

ಗಂಗಾವತಿ ಭತ್ತ

ಕೊಂಡರೆ ಹೇಳಿ. ಸೀಟ್ ಕವರ್ ಬಳ್ಳಾರಿ ಜೀನ್ಸ್ ಬಟ್ಟೆಯಲ್ಲಿ ಹೊಲಿಸಿ ಕಳಿಸೋಣ.

ತೋರಣಗಲ್ಲು ಫಿಟ್ಟರ್

ಸಿಲಿಂಡರ್ ಬಿಚ್ಚಿದ ದಿನ ಕ್ಯಾಮ್ ಮತ್ತು ಟ್ಯಾಪೆಟ್ ಮುಖ ಎರಡರದ್ದೂ ಹತ್ತಿರದ ಫೋಟೋ ಹಾಕಿ. ಫ್ಲ್ಯಾಷ್ ಬೇಡ, ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ತೆಗೆಯಲಿ. ನೇರ ಬೆಳಕಿಗೆ ಗುಂಡಿ ಕಾಣಲ್ಲ.